ಏಳನೇ ವಾರ್ಡಿಗೆ ಒಬ್ಬಳು ದುಭಾಷಿ

ನನ್ನನ್ನು ಕರೆದದ್ದು ಅಭಿಪ್ರಾಯ ಕೇಳಲಿಕ್ಕಲ್ಲ.
ಟೀಚರಿಗೆ ಕನ್ನಡ ಬರುತ್ತದೆ, ಮಲಯಾಳ ಬರುತ್ತದೆ,
ತುಳು ಹೇಗೂ ಇದೆ; ಅಷ್ಟೇ ನನ್ನ ಅರ್ಹತೆ.
ಭಾನುವಾರ, ಬೆಂಚುಗಳನ್ನು ಗೋಡೆಗೆ ಒತ್ತರಿಸಿ
ಮೂರನೇ ತರಗತಿಯ ಕಾವಿ ನೆಲದಲ್ಲಿ
ಏಳನೇ ವಾರ್ಡನ್ನು ಬಿಡಿಸಲಿಕ್ಕಿತ್ತು.

ತ್ರಿಶೂರಿನ ಹುಡುಗಿ, ಯೋಜನೆಯವಳು, ಶಿಜಿನ,
ಚಪ್ಪಲಿ ಹೊರಗಿಟ್ಟು ಸೀಮೆಸುಣ್ಣ ಹಂಚಿದಳು.
"ನೀವೇ ಬಿಡಿಸಿ. ನಾನು ನೋಡುತ್ತೇನೆ."
ಯಾರೂ ಬಗ್ಗಲಿಲ್ಲ.
ನಕ್ಷೆ ಅಂದರೆ ಸರ್ವೆಯವನ ಸಂಕಲೆ,
ನಕ್ಷೆ ಅಂದರೆ ತಾಲೂಕಾಫೀಸಿನಲ್ಲಿ ನಿಂತು ಬಾತ ಕಾಲು.
ಹತ್ತು ನಿಮಿಷ ಫ್ಯಾನೊಂದೇ ಮಾತಾಡಿತು.

ಕೊನೆಗೆ ಬೀಪಾತುಮ್ಮ ಎದ್ದು
ತನ್ನ ಮನೆ ಇಟ್ಟರು: ಒಂದು ಹುಣಸೆಬೀಜ.
ಬೀಜದಿಂದ ರೇಷನ್ ಅಂಗಡಿಗೆ ಗೆರೆ.
ಗೆರೆ ಹೊಸ್ತಿಲು ದಾಟಿ
ಜಗಲಿಗೆ ಇಳಿಯಿತು.
"ಅಷ್ಟು ದೂರ ಇಲ್ಲ ಉಮ್ಮಾ," ಮೆಂಬರ್ ನಕ್ಕರು.
"ಮಂಡೆಯಲ್ಲಿ ಅಕ್ಕಿ ಹೊತ್ತು ಬಾ, ಆಮೇಲೆ ಅಳೆ."
ಅದನ್ನು ನಾನು ತಿರುಗಿಸಬೇಕಾಗಲಿಲ್ಲ.
ಶಿಜಿನ ಜಗಲಿಗೆ ಹೋಗಿ
ಗೆರೆ ಮುಗಿದಲ್ಲಿ ಕುಕ್ಕರುಕಾಲಲ್ಲಿ ಕೂತಳು.

ಆಮೇಲೆ ಕೈಗಳು ನೆಲ ಮುಟ್ಟಿದವು.
ಕಾಲುಸಂಕ, ಹಾಲಿನ ಸೊಸೈಟಿ, ತಿರುವಿನವರೆಗೆ ಮಾತ್ರ ಬರುವ ಬಸ್ಸು,
ವ್ಯಾಜ್ಯದ ಬೇಲಿಯೊಂದು ಎರಡು ಸಲ
ಎರಡು ಬೇರೆ ಜಾಗದಲ್ಲಿ.
ಕಾಲೊನಿ ಇರಬೇಕಾದಲ್ಲಿ ಬರೀ ಕಾವಿ.
ಅಂಗಾರೆ ಕಿಟಕಿಯ ಬಳಿ ನಿಂತಿದ್ದಳು
ಬುಟ್ಟಿ ನೇಯುವ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿ.
ನಿಮಗೇನು ಬೇಕು, ತುಳುವಿನಲ್ಲಿ ಕೇಳಿದೆ.
"ಬೇಕಾದ್ದು ಬರೆದರೆ ಕೊಡುತ್ತೀರಿ ಅಂತೀರಿ.
ಇದ್ದದ್ದು ಬರೆದರೆ ಬಿಡುತ್ತೀರಾ?
ಬಳ್ಳಿ ಸಿಗುವ ಗುಡ್ಡೆ ಅದೊಂದೇ ಉಳಿದಿರುವುದು."
ಎರಡು ಸಲ ತಿರುಗಿಸಿದೆ.
ಎರಡು ಸಲವೂ ಮಲಯಾಳದಲ್ಲಿ ಅದು
ಅವಳಿಗಿಂತ ವಿನಯವಾಗಿ ಕೇಳಿಸಿತು.

ಅದೇ ಗುಡ್ಡೆಯ ತಲೆಗೆ ಪಂಚಾಯತು
ನೀರಿನ ಟಾಂಕಿ ಅಂತ ನೀಲಿ ಬಿರಡೆ ಇಟ್ಟಿತ್ತು.
ಕುಂಞಪ್ಪ ಮಣಿಯಾಣಿ ನಕ್ಷೆಯ ಸುತ್ತ ಒಂದು ಸುತ್ತು ಬಂದರು.
"ಇದರ ಅಡಿ ಎಲ್ಲಿ?"
ಅಡಿ?
"ಮೇಲಿನದ್ದೆಲ್ಲ ಬಿಡಿಸಿದಿರಿ. ಅಡಿಯದ್ದು?"
ಒಲೆಯ ಇದ್ದಿಲೊಂದನ್ನು ಕಿಸೆಯಿಂದ ತೆಗೆದು
ನೀಲಿ ಬಿರಡೆಯ ಕೆಳಗಿಂದ ಎಳೆದರು, ಕಪ್ಪು,
ಎಪ್ಪತ್ತು ಕೋಲು, ಅಲ್ಲಿ ಎಡಕ್ಕೊಂದು ಕವಲು,
ಮೇಣದ ಬತ್ತಿ ನಂದಿದಲ್ಲಿ ಒಂದು ಚುಕ್ಕಿ.
ಒಟ್ಟು ಹನ್ನೊಂದು ಸುರಂಗ.
ಒಂಬತ್ತು ಅವರೇ ತೋಡಿದ್ದು, ಎರಡು ಅವರ ಮಾವ.
ಶಿಜಿನ ಕೇಳಿದಳು: "ಯಾವ ರೈಲಿನದ್ದು?"
ಕೋಣೆ ಇಡೀ ನಕ್ಕಿತು, ಅವಳೂ ಕೂಡ.
ಮಣಿಯಾಣಿ ನಗಲಿಲ್ಲ.
"ಟಾಂಕಿ ಇಲ್ಲಿ ಕೂತರೆ
ನೀರು ಎಲ್ಲಿ ಕೂರುವುದು ಮಗಾ?"

ಸುರಂಗಕ್ಕೆ ಫಾರಮಿನಲ್ಲಿ ಕಾಲಂ ಇಲ್ಲ.
'ಇತರೆ' ಎಂಬಲ್ಲಿ ಸಣ್ಣ ಅಕ್ಷರದಲ್ಲಿ ಹನ್ನೊಂದನ್ನೂ ಬರೆದೆ,
ಅಂಚಿನಲ್ಲಿ, ಬೆನ್ನಿನಲ್ಲಿ.
ತಲೆಬರಹ ಮಾತ್ರ ಅಡ್ಡ ನಿಂತಿತು. ಅವರ ಪದ: ವಿಕಸನ.
ನಮ್ಮಲ್ಲಿ ಅದು ಮೊಗ್ಗು ಮಾಡುವ ಕೆಲಸ,
ಯಾರೂ ಮಂಜೂರು ಮಾಡದೆ, ಒಳಗಿನಿಂದ.
ನಮ್ಮ ಅಭಿವೃದ್ಧಿ ಆಚೆ ಹೋದರೆ
ಹೊಸ ಅಂಗಡಿಗೆ ಹಾರೈಸುವ ಮಾತು.
ಒಂದೇ ಕೊಡದ ನೀರು ಕುಡಿದು
ಎರಡು ಮನೆಯವರು ಎರಡು ರುಚಿ ಹೇಳಿದ ಹಾಗೆ.

ಸೋಮವಾರ ನೆಲ ಒರಸಬೇಕಿತ್ತು. ಒರಸಲಿಲ್ಲ.
ಮಕ್ಕಳು ಮಗ್ಗಿ ಹೇಳುತ್ತಾ
ಕಪ್ಪು ಗೆರೆ ತುಳಿಯದೆ ನಡೆದರು,
ಹೇಳಿಕೊಟ್ಟದ್ದು ನಾನಲ್ಲ.

ಟಾಂಕಿಯ ತೀರ್ಮಾನ ಇನ್ನೂ ಬಂದಿಲ್ಲ.
ಕಾಸರಗೋಡಿನಿಂದ ಬಂದದ್ದು ಬೇರೆ ಪತ್ರ:
ಕನ್ನಡ ಪ್ರತಿಯ ತಲೆಬರಹದಲ್ಲಿ ಮೂಲಪದ ಹಾಗೇ ಉಳಿದಿದೆ,
ದುಭಾಷಿ ಕಾರಣ ತಿಳಿಸತಕ್ಕದ್ದು.

ಬರೆಯಬೇಕು.
ಯಾವ ಭಾಷೆಯಲ್ಲಿ ಅಂತ
ಯೋಚಿಸುತ್ತಿದ್ದೇನೆ.